ಪಾದ್ರಿಗಳ ಶಾಲೆಗೆ ಅಂಚೆ ಚೀಟಿ ಬೇಕಾ?

ತೊಗರಿ ಕಣಜ (ಕಲಬುರಗಿ):
ನಮ್ಮ ಚೀಟಿ ಸಂಗ್ರಹದ ಗೆಳೆಯರಲ್ಲಿ ಒಂದು ಜಗಳ ಶುರುವಾಗಿದೆ. ಗೋವಾದ ರಾಚೋಲ್ ಸೆಮಿನರಿಯಂಥ ಹಳೇ ಕ್ಯಾಥೊಲಿಕ್ ಸಂಸ್ಥೆಗಳ ನೆನಪಿಗೆ ಸರ್ಕಾರ ಅಂಚೆ ಚೀಟಿ ತರೋದು ಸರಿಯಾ? ನನ್ನ ಪ್ರಕಾರ ಅಲ್ಲ. ಸೆಮಿನರಿ ಅಂದ್ರೆ ಪಾದ್ರಿಗಳನ್ನು ತಯಾರು ಮಾಡುವ ಜಾಗ. ನಾನು, ನೀವು ಅಲ್ಲಿ ಹೋಗಿ ಕೂತು ಓದಲು ಆಗಲ್ಲ. ಎಲ್ಲರ ದುಡ್ಡಿನಲ್ಲಿ ಅಚ್ಚಾಗುವ ಚೀಟಿಯಲ್ಲಿ ಎಲ್ಲರಿಗೂ ಸೇರಿದ ವಿಷಯ ಇರಲಿ.

ಹಳೇ ಚೀಟಿ (ಕಲಬುರಗಿ):
ಹಾಗಾದ್ರೆ ನಿಮ್ಮ ಆಲ್ಬಮ್‌ನಿಂದ ಬಹಳ ಚೀಟಿ ಕಿತ್ತು ತೆಗೀಬೇಕಾಗುತ್ತೆ ನೋಡ್ರಿ. 1967ರಲ್ಲಿ ಬಸವಣ್ಣ, 1969ರಲ್ಲಿ ಗುರುನಾನಕ್, 1974ರಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್, 1987ರಲ್ಲಿ ಕೇರಳದ ಪಾದ್ರಿ ಚಾವರ. ಧರ್ಮದ ವಿಷಯ ಅನ್ನೋದು ಯಾವತ್ತೂ ಅಡ್ಡಿ ಆಗಿಲ್ಲ.

ತೊಗರಿ ಕಣಜ:
ಅವರೆಲ್ಲ ವ್ಯಕ್ತಿಗಳು. ಬಸವಣ್ಣನವರ ಮಾತು ಎಲ್ಲರಿಗೂ ಬೇಕು. ಸೆಮಿನರಿ ಕಟ್ಟಡದಿಂದ ಹೊರಗಿನವರಿಗೆ ಏನು ಸಿಕ್ಕಿತು, ಅದನ್ನು ಹೇಳಿ.

ಯಾದಗಿರಿ ಟೀಚರ್:
ಪುಸ್ತಕ ಸಿಕ್ಕಿತು ಸರ್. ರಾಚೋಲ್‌ನಲ್ಲಿ ಅಚ್ಚುಕೂಟ ಇತ್ತು. ಥಾಮಸ್ ಸ್ಟೀಫನ್ಸ್ ಅನ್ನುವ ಇಂಗ್ಲಿಷ್ ಪಾದ್ರಿ ಮರಾಠಿಯ ಓವಿ ಅನ್ನುವ ಪದ್ಯಗಳಲ್ಲಿ ಬರೆದ ‘ಕ್ರಿಸ್ತ ಪುರಾಣ’ 1616ರಲ್ಲಿ ಅಲ್ಲೇ ಅಚ್ಚಾಯಿತು. ಅದೂ ರೋಮನ್ ಲಿಪಿಯಲ್ಲಿ. ಅವರು ತೀರಿಕೊಂಡ ಮೇಲೆ, 1640ರಲ್ಲಿ, ಅವರದೇ ಕೊಂಕಣಿ ವ್ಯಾಕರಣವೂ ಅಲ್ಲಿಂದಲೇ ಹೊರಬಂತು. ಕೊಂಕಣಿಗೆ ಅದು ಮೊದಲ ಅಚ್ಚಾದ ವ್ಯಾಕರಣ. ಇದು ಬರೀ ಪಾದ್ರಿಗಳ ಆಸ್ತಿಯಾ?

ತೊಗರಿ ಕಣಜ:
ಒಳ್ಳೆ ಮಾತು. ಆದ್ರೆ ಆಗ ಅದು ಜೆಸ್ವಿಟರ, ಅಂದ್ರೆ ಒಂದು ಕ್ಯಾಥೊಲಿಕ್ ಪಾದ್ರಿ ಸಂಘದವರ ಕಾಲೇಜು, ಅಲ್ವಾ? 1759ರಲ್ಲಿ ಪೋರ್ಚುಗೀಸ್ ಸರ್ಕಾರ ಜೆಸ್ವಿಟರನ್ನು ಹೊರಹಾಕಿತು. ಸೆಮಿನರಿ ಆಗಿದ್ದು 1762ರಲ್ಲಿ. ಅಚ್ಚುಕೂಟದ ಹೆಸರನ್ನು ಸೆಮಿನರಿ ಖಾತೆಗೆ ಹಾಕೋದು ಹೇಗೆ?

ಯಾದಗಿರಿ ಟೀಚರ್:
ಕಟ್ಟಡ ಅದೇ. 1606ರಲ್ಲಿ ಅಡಿಗಲ್ಲು ಹಾಕಿದ್ದು. ಒಕ್ಕಲು ಬದಲಾದರೆ ಮನೆಯ ಕಥೆ ಬದಲಾಗುತ್ತಾ? ಆದ್ರೂ ನಿಮ್ಮ ಮಾತಿನಲ್ಲಿ ಒಂದಿಷ್ಟು ಹುರುಳಿದೆ. ಚೀಟಿಯಲ್ಲಿ ಗೋಪುರ, ಶಿಲುಬೆ ಬಿಟ್ಟು ಆ ವ್ಯಾಕರಣದ ಮುಖಪುಟ ಹಾಕಲಿ.

ಚೌಬಾರಾ ಬೀದರ್:
ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ರಾಚೋಲ್ ಇರುವುದು ದಕ್ಷಿಣ ಗೋವಾದ ಸಾಷ್ಟಿ ಸೀಮೆಯಲ್ಲಿ. 1567ರಲ್ಲಿ ಅಲ್ಲಿನ ದೇವಸ್ಥಾನಗಳನ್ನು ಪೋರ್ಚುಗೀಸರು ಒಡೆದರು. ಚೀಟಿ ಜೊತೆ ಬರುವ ಮಾಹಿತಿ ಹಾಳೆಯಲ್ಲಿ ಇದೂ ಇರಬೇಕು. ಬರೀ ಹೊಗಳಿಕೆ ಬರೆದರೆ ಅದು ಮದುವೆ ಕಾರ್ಡ್ ಆಗುತ್ತೆ, ಇತಿಹಾಸ ಆಗಲ್ಲ.

ಇನ್ನು, ಹಳೇ ವಿದ್ಯಾಸಂಸ್ಥೆ ಬೇಕು ಅಂದ್ರೆ ಗೋವಾವರೆಗೆ ಯಾಕೆ ಹೋಗ್ತೀರಿ? ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಬೀದರ್‌ನಲ್ಲಿ ಮದರಸಾ ಕಟ್ಟಿಸಿದ್ದು 1472ರಲ್ಲಿ. ರಾಚೋಲ್ ಅಡಿಗಲ್ಲಿಗಿಂತ 134 ವರ್ಷ ಹಳೇದು. ತಮಾಷೆ ನೋಡಿ, ಅದೇ ವರ್ಷ ಅದೇ ಗವಾನ್ ವಿಜಯನಗರದಿಂದ ಗೋವಾ ಗೆದ್ದುಕೊಂಡ. ಮೂರು ಅಂತಸ್ತು, ಬಣ್ಣದ ಹೆಂಚು. ಇದ್ದ ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿದಿದೆ. ಇನ್ನೊಂದು ಔರಂಗಜೇಬನ ಕಾಲದಲ್ಲಿ ಸಿಡಿಮದ್ದಿನ ಸ್ಫೋಟದಲ್ಲಿ ಹಾಳಾಯಿತು.

ಹಳೇ ಚೀಟಿ:
ಬೀದರ್ ಅಣ್ಣಾ, ಒಂದನ್ನು ಕೇಳೋಕೆ ಇನ್ನೊಂದನ್ನು ಯಾಕೆ ಬಿಡಬೇಕು? ಎರಡಕ್ಕೂ ಅರ್ಜಿ ಹಾಕಬಹುದು. ಪ್ರಸ್ತಾವ ಯಾರು ಬೇಕಾದರೂ ಕಳಿಸಬಹುದು, ಅಂಚೆ ಇಲಾಖೆಯ ಸಲಹಾ ಸಮಿತಿ ನೋಡುತ್ತೆ. ಆದ್ರೆ ಒಂದು ಎಚ್ಚರ. ‘ನಮ್ಮ ಸಂಸ್ಥೆಗೆ ಚೀಟಿ ಬಂತು’ ಅಂತ ಜನ ಹಾರ ಹಾಕಿ ಕುಣಿಯೋದು ನೋಡಿದ್ದೀನಿ. ಎಷ್ಟೋ ಸಲ ಅದು ಚೀಟಿಯೇ ಅಲ್ಲ, ನೆನಪಿಗೆ ಅಚ್ಚು ಹಾಕಿಸಿದ ವಿಶೇಷ ಲಕೋಟೆ ಆಗಿರುತ್ತೆ, ಇಲ್ಲಾ ಮೈ ಸ್ಟ್ಯಾಂಪ್. ಮೈ ಸ್ಟ್ಯಾಂಪ್‌ನಲ್ಲಿ ದುಡ್ಡು ಕಟ್ಟಿದರೆ ನಿಮ್ಮ ಮಗನ ಫೋಟೋನೂ ಬರುತ್ತೆ. ಸ್ಮರಣಾರ್ಥ ಚೀಟಿ ಬೇರೆ. ಅದನ್ನು ಒಮ್ಮೆ ಅಚ್ಚು ಹಾಕಿದರೆ ಮತ್ತೆ ಹಾಕಲ್ಲ.

ತೊಗರಿ ಕಣಜ:
ಹಾಗಿದ್ರೆ ಇನ್ನೂ ಜಾಗ್ರತೆ ಬೇಕು ಅಂತಾಯಿತು. ನನ್ನ ಮಾತು ಪೂರ್ತಿ ಬಿಡಲ್ಲ. ಮುಖಪುಟದ ಚಿತ್ರ, ಹಾಳೆಯಲ್ಲಿ 1567 ಎರಡೂ ಬಂದರೆ ನನ್ನ ತಕರಾರಿಲ್ಲ. ಬರೀ ಬಿಳಿ ಗೋಡೆ ತೋರಿಸಿದರೆ ಇದೆ.

ಚೌಬಾರಾ ಬೀದರ್:
ನಮ್ಮ ಮದರಸಾ ಅರ್ಜಿಗೂ ಅದೇ ನಿಯಮ ಇಡ್ತೀನಿ. ಗವಾನ್‌ನನ್ನು 1481ರಲ್ಲಿ ಅವನ ಸುಲ್ತಾನನೇ ಕೊಲ್ಲಿಸಿದ್ದನ್ನೂ ಬರೀಬೇಕು. ಯಾದಗಿರಿ ಮೇಡಂ, ಕನ್ನಡ ಕರಡು ನೀವು ತಿದ್ದುತ್ತೀರಾ?

ಯಾದಗಿರಿ ಟೀಚರ್:
ಕಳಿಸಿ. ಆದ್ರೆ ಪುಟ ಒಂದೇ ಇರಲಿ. ಸಮಿತಿಯವರು ಎರಡನೇ ಪುಟ ತಿರುಗಿಸೋದು ಅನುಮಾನ.