ಸಹಾಯ ಬೇಕ್ರಿ: ಹಡಗಿನ ವೈಫೈಗೆ ಸಣ್ಣ ಲ್ಯಾಪ್‌ಟಾಪ್ ಲಾಗಿನ್ ಆಗವಲ್ದು

ನಮಸ್ಕಾರ್ರಿ. ವಿಜಯಪುರದ ನಮ್ಮ ಕಾಕಾ ಮುಂಬೈದಿಂದ ಹೊಂಟ ಕ್ರೂಸ್ ಹಡಗಿನಾಗ ಅದಾರ. ವೈಫೈ ಪ್ಯಾಕೇಜ್ ಒಂದ ಡಿವೈಸಿಂದು. ಫೋನ್‌ನ್ಯಾಗ ನಡಿತೈತಿ, 11 ಇಂಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ನ್ಯಾಗ ಇಲ್ಲ.

ಮೊದಲ ಲಾಗಿನ್ ಪೇಜೂ ಬರ್ತಿರಲಿಲ್ಲ. ಮನ್ಯಾಗ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಅದರ ಐಪಿ ವಿಳಾಸ ಹುಡುಕಿ ಕೊಡೂ ಸರ್ವರ್) 8.8.8.8 ಅಂತ ಕೈಲೆ ಹಾಕಿದ್ರು. ಹಂಗಿದ್ರ ಭಾಳ ಸಲ ಹಡಗಿನ ಪೇಜ್ ಸಿಗೂದಿಲ್ಲ, ಅದಕ್ಕ ಆಟೋಮ್ಯಾಟಿಕ್ ಮಾಡಿಸಿದೆ. ವಿಪಿಎನ್ ಬಂದ್. ಅಪ್‌ಡೇಟ್, ಒನ್‌ಡ್ರೈವ್ ಡೇಟಾ ನುಂಗಬಾರದಂತ ಮೀಟರ್ಡ್ ಕನೆಕ್ಷನ್ ಆನ್. ಈಗ ಪೇಜ್ ತೆರಿತೈತಿ, ಆದ್ರ ಪಾಸ್‌ವರ್ಡ್ ಹೊಡದ್ರ ಡಿವೈಸ್ ಮಿತಿ ಮುಗದೈತಿ ಅಂತೈತಿ. ಫೋನಿನ ವೈಫೈ ಬಂದ್ ಮಾಡಿದ್ರೂ ಅದ ಮಾತು. ವೈಫೈ ಆರಿಸಿದ್ರ ಲಾಗೌಟ್ ಆದಂಗಲ್ಲ, ಸೆಷನ್ (ಫೋನ್ ಲಾಗಿನ್ ಆಗಿದ್ದ ದಾಖಲೆ) ಹಡಗಿನ ಸರ್ವರ್‌ನ್ಯಾಗ ಉಳದಿರಬೇಕು. ಅಷ್ಟರಾಗ ಅವರು ಫೋನ್‌ನ್ಯಾಗ ನೆಟ್‌ವರ್ಕ್ ಫರ್ಗೆಟ್ ಬ್ಯಾರೆ ಮಾಡ್ಯಾರ, ಲಾಗೌಟ್ ಬಟನ್ನಿನ ಪೇಜ ಸಿಗವಲ್ದು.

ಫೋನ್ ಮತ್ತ ಕೂಡಿಸಿದಾಗ ರ್‍ಯಾಂಡಮ್ ಮ್ಯಾಕ್ ವಿಳಾಸ (ಫೋನ್ ನೆಟ್‌ವರ್ಕಿಗೆ ತೋರಿಸೂ ಗುರುತಿನ ನಂಬರ್) ಬದಲಾಗಿದ್ರ ಹಳೆ ಸೆಷನ್ ಫೋನಿಂದನ ತೆಗಿಲಿಕ್ಕೆ ಬರ್ತೈತೇನ್ರಿ, ಇಲ್ಲಾ ಹಡಗಿನ ಐಟಿ ಡೆಸ್ಕಿನವರ ರಿಸೆಟ್ ಮಾಡಬೇಕಾ?