ಒಂದೇ ಕಲ್ಪನಾಲೋಕದಲ್ಲಿ ಎಲ್ಲ ಬಗೆಯ ಕತೆಯೂ ಬರೆಯಬಹುದಾ?

ಹೊಳೆದಂಡೆ:
ಎರಡು ವರ್ಷದಿಂದ ಒಂದು ಊರು ಕಟ್ಟಿಕೊಂಡು ಕತೆ ಬರೆಯುತ್ತಿದ್ದೇನೆ. ಅಲ್ಲಿ ವರ್ಷಕ್ಕೊಂದು ದಿನ ಹೊಳೆ ಹಿಂದಕ್ಕೆ ಹರಿಯುತ್ತದೆ, ಅವತ್ತು ಸತ್ತವರು ದೋಣಿಯಲ್ಲಿ ಮನೆಗೆ ಬಂದು ಹೋಗುತ್ತಾರೆ. ಮೊದಲ ಮೂರು ಕತೆ ರಾಜ, ಯುದ್ಧ, ಮಂತ್ರವಾದಿ ಅಂತ ಹೋದವು. ನಾಲ್ಕನೆಯದು ದೋಣಿ ನಡೆಸುವವಳದು. ದಡಕ್ಕೆ ಇಳಿಯುತ್ತಾ ಒಬ್ಬ ಸತ್ತವನು "ನನ್ನನ್ನು ಕೊಂದಿದ್ದು ಯಾರು?" ಅಂತ ಅವಳನ್ನು ಕೇಳಿಬಿಟ್ಟ, ಕತೆ ಪತ್ತೇದಾರಿ ಆಗಿಹೋಯಿತು! ಓದಿದ ಗೆಳತಿ "ಇದು ಆ ಲೋಕದ್ದಲ್ಲ, ಬೇರೆ ಊರಿಗೆ ಹಾಕು" ಅಂದಳು. ನನಗೆ ಮನಸ್ಸೇ ಬರುತ್ತಿಲ್ಲ. ಏನು ಮಾಡಲಿ?

ಅಟ್ಟದಪುಸ್ತಕ:
ಅಲ್ಲೇ ಇರಲಿ ಬಿಡಿ. ಟೆರ್ರಿ ಪ್ರ್ಯಾಚೆಟ್ ಅವರ ಡಿಸ್ಕ್‌ವರ್ಲ್ಡ್ ಓದಿದ್ದೀರಾ? ಆಮೆಯ ಬೆನ್ನ ಮೇಲೆ ನಾಲ್ಕು ಆನೆ, ಅವುಗಳ ಮೇಲೆ ತಟ್ಟೆಯಂಥ ಭೂಮಿ. 1983ರಿಂದ 2015ರವರೆಗೆ 41 ಕಾದಂಬರಿ, ಎಲ್ಲವೂ ಇದೇ ಲೋಕದಲ್ಲಿ. ಶುರುವಾಗಿದ್ದು ಮಂತ್ರವಾದಿಯಿಂದ, ಆದರೆ 1989ಕ್ಕೆ ರಾತ್ರಿ ಪಹರೆಯವರ ಪತ್ತೇದಾರಿ ಕತೆ ಬಂತು, 2000ದಲ್ಲಿ ಪತ್ರಿಕೆ ಶುರುಮಾಡುವವನ ಕತೆ. 2004ರ 'ಗೋಯಿಂಗ್ ಪೋಸ್ಟಲ್'ನಲ್ಲಿ ಗಲ್ಲಿನಿಂದ ಪಾರಾದ ಮೋಸಗಾರನೊಬ್ಬ ಪೋಸ್ಟ್‌ಮಾಸ್ಟರ್ ಆಗುತ್ತಾನೆ, ಕಟ್ಟಡದ ತುಂಬಾ ವರ್ಷಗಟ್ಟಲೆ ಹಂಚದೇ ಬಿಟ್ಟ ಕಾಗದಗಳ ರಾಶಿ. ನನಗೆ ತುಂಬಾ ಇಷ್ಟವಾದದ್ದು ಅದೇ. ಇಷ್ಟೆಲ್ಲ ಬದಲಾದರೂ ಊರು ಅದೇ ಆಂಕ್-ಮಾರ್ಪಾರ್ಕ್, ಹೆಚ್ಚುಕಡಿಮೆ ಎಲ್ಲ ಪುಸ್ತಕದಲ್ಲೂ ಬರುವ 'ಸಾವು' ಅನ್ನೋ ಪಾತ್ರ ಮಾತಾಡೋದೂ ಅದೇ ಇಂಗ್ಲಿಷ್ ದೊಡ್ಡಕ್ಷರದಲ್ಲಿ.

ಬಯಲಾಟ:
ನಮಗೇನು ಇದು ಹೊಸದಲ್ಲ. ಅದೇ ಮಹಾಭಾರತದಲ್ಲಿ ಪಂಪನಿಗೆ ಅರ್ಜುನ ನಾಯಕ, ರನ್ನನಿಗೆ ಭೀಮ. ಯಕ್ಷಗಾನದವರಂತೂ ಅದರಿಂದ ಒಂದೊಂದು ತುಣುಕು ಎತ್ತಿಕೊಂಡು ರಾತ್ರಿಯಿಡೀ ಆಡುತ್ತಾರೆ, ಒಂದರಲ್ಲಿ ಮದುವೆ, ಇನ್ನೊಂದರಲ್ಲಿ ಕಾಳಗ.

ಕೆಂಪುಶಾಯಿ:
ಬರೆಯಬಹುದು ಅಂತ ನಾನೂ ಹೇಳುತ್ತೇನೆ, ಆದರೆ ಗೆಳತಿಗೆ ಯಾಕೆ ಹಾಗನ್ನಿಸಿತು ಅಂತ ಒಮ್ಮೆ ನೋಡಿ. ತೊಂದರೆ ಪತ್ತೇದಾರಿಯಲ್ಲಿ ಇಲ್ಲ, ಹೊಳೆಯ ಕಟ್ಟಳೆಯಲ್ಲಿ ಇರಬಹುದು. ಸತ್ತವರು ವರ್ಷಾವರ್ಷ ಬಂದು ಮಾತಾಡುವ ಊರಲ್ಲಿ ಕೊಲೆ ಮುಚ್ಚಿಡೋಕೆ ಆಗುತ್ತಾ? ನಿಮ್ಮವನು ಕೊಂದವನನ್ನು ನೋಡಿಲ್ಲ ಅನ್ನೋದಾದರೆ ಯಾಕೆ ನೋಡಿಲ್ಲ? ನೋಡಿದ್ದರೆ ಅವನ ಸಾಕ್ಷಿಯನ್ನು ಪಂಚಾಯ್ತಿ ಒಪ್ಪುತ್ತಾ? ಹಿಂದಿನ ಮೂರು ಕತೆಯಲ್ಲಿ ಸತ್ತವರು ಏನೇನು ಮಾಡಿದ್ದಾರೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆ ಕಟ್ಟಳೆ ಗಟ್ಟಿ ಇದ್ದರೆ ಪ್ರೇಮಕತೆ, ತಮಾಷೆ, ಏನು ಬೇಕಾದರೂ ತನ್ನಿ, ಓದುವವರಿಗೆ ಊರು ಅದೇ ಅನ್ನಿಸುತ್ತದೆ.

ಹೊಳೆದಂಡೆ:
ಅಯ್ಯೋ, ಈಗ ತೆಗೆದು ನೋಡಿದೆ. ಎರಡನೇ ಕತೆಯಲ್ಲಿ ರಾಜನ ತಾಯಿ ಬಂದು ಊಟದೆಲೆ ಮುಂದೆ ಇಡೀ ದಿನ ಕೂರುತ್ತಾಳೆ, ಒಂದು ಮಾತೂ ಆಡೋದಿಲ್ಲ, ಸತ್ತವರಿಗೆ ಮಾತಿಲ್ಲ ಅಂತ ನಾನೇ ಬರೆದಿದ್ದೇನೆ! ಹಾಗಾದರೆ ಇವನು ಮಾತಾಡಿದ್ದು ಹೇಗೆ? ಇವನು ಸತ್ತೇ ಇಲ್ಲದಿದ್ದರೆ? ಬದುಕಿರುವವನೇ ಸತ್ತವರ ದೋಣಿ ಹತ್ತಿ ಬಂದಿದ್ದರೆ, ದೋಣಿಯವಳಿಗೆ ಅದು ಗೊತ್ತಾಗೋದು ಅವನು ಬಾಯಿ ತೆಗೆದಾಗಲೇ ಅಲ್ವಾ? ಇವತ್ತು ರಾತ್ರಿ ಮೊದಲಿಂದ ಬರೆಯುತ್ತೇನೆ.