ಅಪ್‌ಡೇಟ್: ಭಜನಾ ಮಂದಿರದ ಹಿಂದಿನ ಜಾಗದಲ್ಲಿ ಬಾಡಿಗೆ ಮನೆ

ಹಾಸನದ ನಮ್ಮ ಭಜನಾ ಮಂದಿರದ ಹಿಂದೆ ಹತ್ತು ಗುಂಟೆ ಖಾಲಿ ಬಿದ್ದಿದೆ, ವಯಸ್ಸಾದವರಿಗೆ ಕಡಿಮೆ ಬಾಡಿಗೆಯ ಮನೆ ಕಟ್ಟಬಹುದಾ ಅಂತ ಹೋದ ವರ್ಷ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. "ಮೊದಲು ಟ್ರಸ್ಟ್ ಡೀಡ್ (ಮಂದಿರದ ಟ್ರಸ್ಟಿನ ಉದ್ದೇಶ, ಅಧಿಕಾರ ಬರೆದಿಟ್ಟ ಪತ್ರ) ಓದಿ" ಅಂದವರಿಗೆ ಇನ್ನೊಂದು ನಮಸ್ಕಾರ.

ಓದಿದೆವು. ಉದ್ದೇಶಗಳಲ್ಲಿ ಭಜನೆ ಇದೆ, ಅನ್ನದಾನ ಇದೆ, ವಸತಿಯ ಸುದ್ದಿಯೇ ಇಲ್ಲ! ಅಷ್ಟರಲ್ಲಿ ಬಿಲ್ಡರ್ ಒಬ್ಬರು, ಅರ್ಧ ಜಾಗ ಬರೆದುಕೊಡಿ, ಉಳಿದರ್ಧದಲ್ಲಿ ಪುಕ್ಕಟೆ ಕಟ್ಟಿಕೊಡ್ತೀನಿ ಅಂದರು. ಕಮಿಟಿಯ ಅರ್ಧ ಜನ ಕರಗಿಯೇ ಹೋಗಿದ್ದರು. ವಕೀಲರು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ತೆರೆದಿಟ್ಟರು. ಡೀಡಿನಲ್ಲಿ ಅಧಿಕಾರ ಇಲ್ಲದಿದ್ದರೆ, ಸಾರ್ವಜನಿಕ ಧರ್ಮದ ಟ್ರಸ್ಟಿನ ಆಸ್ತಿ ಮಾರೋಕೆ ಕೋರ್ಟ್ ಮೆಟ್ಟಿಲು ಹತ್ತಬೇಕು ಅಂದರು. ಬಿಲ್ಡರ್ ಫೋನ್ ಅಲ್ಲಿಗೆ ನಿಂತಿತು.

ಪಹಣಿಯಲ್ಲಿ ಜಾಗ ಇನ್ನೂ ಖುಷ್ಕಿ, ಅಂದರೆ ಮಳೆ ನಂಬಿದ ಕೃಷಿ ಜಮೀನು. ಹಾಗಾಗಿ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂನಡಿ ಭೂ ಪರಿವರ್ತನೆಗೆ ಅರ್ಜಿ ಹಾಕಿದ್ದೇವೆ. ಡೀಡಿನ ಉದ್ದೇಶದ ವಿಷಯವನ್ನೂ ವಕೀಲರಿಗೇ ಒಪ್ಪಿಸಿದ್ದೇವೆ. ಎರಡೂ ಮುಗಿದರೆ ನಾವೇ ಚಂದಾ ಎತ್ತಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಕೊಡೋದು. ಮಾರಾಟದ ಮಾತಿಲ್ಲ.

ಸದ್ಯದ ಜಗಳ ಬೇರೆ: ಮನೆ ಎದ್ದರೆ ರಾಮನವಮಿ ಪೆಂಡಾಲ್ ಎಲ್ಲಿ ಹಾಕೋದು?